ಒಂದು ಪಟ್ಟಿ ಮಿಕ್ಕಿತು

ಜಾಕೆಟ್ಟು ಹೊಲಿದು ಮುಗಿಯಿತು. ಒಂದು ಪಟ್ಟಿ ಮಿಕ್ಕಿತು.

ಮಿಕ್ಕಬಾರದಾಗಿತ್ತು. ಗಡಿಯಾರ ಬಿಚ್ಚಿ ಮತ್ತೆ ಜೋಡಿಸಿದವನ ಮೇಜಿನ ಮೇಲೆ ಒಂದು ಸ್ಕ್ರೂ ಉಳಿದುಬಿಟ್ಟರೆ ಎದೆ ಹೇಗೆ ಧಸಕ್ಕೆನ್ನುತ್ತದೋ, ಗುಮಾಸ್ತನ ಎದೆಯೂ ಹಾಗೇ ಅಂದಿತು. ಗೇಣುದ್ದದ, ಎರಡು ಬೆರಳಗಲದ, ಕ್ಯಾನ್ವಾಸನ್ನು ಮಡಚಿ ಮಡಚಿ ಹೊಲಿದ ದಪ್ಪ ಪಟ್ಟಿ. ತೋಳು ತನಗೆ ಬೇಡವೆಂದಿತ್ತು, ಜೇಬು ತನಗೆ ಬೇಡವೆಂದಿತ್ತು. ಹೊಲಿಗೆ ಯಂತ್ರದ ಪಕ್ಕದಲ್ಲಿ ಅದು ಕರೆಯದೆ ಬಂದ ನೆಂಟನ ಹಾಗೆ ಹಾಯಾಗಿ ಮಲಗಿತ್ತು. ಹೊರಗೆ ಬೆಳಕು ಹರಿಯುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಆಫೀಸಿನ ಬಸ್ಸು ಬೆಟ್ಟಕ್ಕೆ ಹೊರಡುವುದಿತ್ತು.

ಆಫೀಸಿಗೂ ಬೆಟ್ಟಕ್ಕೂ ಎತ್ತಣ ಸಂಬಂಧ ಎಂದು ಕೇಳಬೇಡಿ. ಹೊಸದಾಗಿ ಬಂದ ದೊಡ್ಡ ಸಾಹೇಬರಿಗೆ ಬೆಟ್ಟ ಹತ್ತುವ ಹುಚ್ಚು. ಸಾಹೇಬರಿಗೆ ಹಿಡಿದದ್ದು ಆಫೀಸಿಗೂ ಹಿಡಿಯಲೇಬೇಕು, ಅದು ಎಲ್ಲ ಕಡೆಯೂ ನಡೆದುಬಂದ ಪದ್ಧತಿ. ಮೇಲ್ವಿಚಾರಕರು ನಿವೃತ್ತರಾಗಿ ಆ ಕುರ್ಚಿ ಖಾಲಿ ಬಿದ್ದಿತ್ತು. ಯಾರನ್ನು ಕೂರಿಸಬೇಕೆಂದು ಕೇಳಿದಾಗ ಸಾಹೇಬರು ಮೇಜು ಗುದ್ದಿ ಹೇಳಿದ್ದರು: "ನಾಯಕ ಕುರ್ಚೀಲಿ ಹುಟ್ಟಲ್ಲ ಕಣ್ರೀ, ಬೆಟ್ಟದಲ್ಲಿ ಹುಟ್ತಾನೆ. ಎಲ್ಲರೂ ಬನ್ನಿ. ತುದೀಲೇ ನಿಂತು ಹೆಸರು ಹೇಳ್ತೀನಿ."

ಅಂದಿನಿಂದ ಆಫೀಸಿಗೆ ಆಫೀಸೇ ಬೆಟ್ಟದ ಜಾಕೆಟ್ಟು ಕೊಳ್ಳಲು ಓಡಿತು.

ನಮ್ಮ ಗುಮಾಸ್ತನ ಕೆಲಸ ದಾಖಲೆ ಕೋಣೆಯಲ್ಲಿ. ಅದು ನೆಲಮಾಳಿಗೆ. ಕಿಟಕಿಯಿಲ್ಲ. ಹೊರಗೆ ಮಳೆಯೋ ಬಿಸಿಲೋ ತಿಳಿಯಬೇಕಾದರೆ ಕಡತ ಕೇಳಲು ಬಂದವರ ಚಪ್ಪಲಿ ನೋಡಬೇಕು. ವರ್ಷಗಟ್ಟಲೆ ಅಲ್ಲೇ ಕುಳಿತು ಅವನಿಗೆ 'ಕಡತ' ಎಂದೇ ಅಡ್ಡಹೆಸರು ಬಿದ್ದಿತ್ತು. ಬಡ್ತಿಯ ಆಸೆ ಎಲ್ಲರಿಗೂ ಇರುತ್ತದೆ. ಇವನ ಆಸೆ ಮಾತ್ರ ಸ್ವಲ್ಪ ಬೇರೆ. ಮೇಲ್ವಿಚಾರಕರ ಕುರ್ಚಿ ಕಿಟಕಿಯ ಪಕ್ಕದಲ್ಲಿತ್ತು. ಕಿಟಕಿಯಾಚೆ ಒಂದು ಮರವಿತ್ತು. ಕೆಲಸದ ಹೊತ್ತಿನಲ್ಲಿ ತಲೆಯೆತ್ತಿದರೆ ಒಂದು ಮರ ಕಾಣಬೇಕು, ಅಷ್ಟೇ ಅವನ ಆಸೆ.

ಎಲ್ಲರೂ ಅಂಗಡಿಯ ಜಾಕೆಟ್ಟು ಹಾಕಿದರೆ ಎಲ್ಲರೂ ಒಂದೇ ಥರ ಕಾಣುತ್ತಾರೆ. ಸಾಹೇಬರ ಕಣ್ಣಿಗೆ ಬೀಳಬೇಕಾದರೆ ಬೇರೆ ಏನಾದರೂ ಬೇಕು. ಹೀಗೆ ಯೋಚಿಸುತ್ತ ಹೋಗುತ್ತಿದ್ದವನ ಕಾಲು ಸೈನ್ಯದ ಹಳೇ ಸಾಮಾನು ಮಾರುವ ಅಂಗಡಿಯ ಮುಂದೆ ನಿಂತಿತು. ಧೂಳು ಹಿಡಿದ ಬೂಟುಗಳ ನಡುವೆ ಕಂದು ಕಾಗದದ ಒಂದು ಕಟ್ಟು: ಹಿಮಪರ್ವತ ದಳದ ಮೇಲಂಗಿಯ ಪ್ಯಾಟರ್ನು.

"ಇದನ್ನ ಹೊಲಿದು ಹಾಕ್ಕೊಂಡ್ರೆ ಗುಂಡಿಗೂ ಹೆದರಬೇಕಾಗಿಲ್ಲ, ಹಿಮಕ್ಕೂ ಹೆದರಬೇಕಾಗಿಲ್ಲ" ಎಂದ ಅಂಗಡಿಯವನು.

"ಇದನ್ನ ಹಾಕ್ಕೊಂಡವರು ಏನಂತಾರೆ?"

"ಯಾರೂ ಬಂದು ದೂರು ಹೇಳಿಲ್ಲ ಸ್ವಾಮಿ."

ಕಟ್ಟಿನ ಜೊತೆಗೆ ಹಳೇ ಟೆಂಟಿನ ಹಸಿರು ಕ್ಯಾನ್ವಾಸು, ಅಸ್ತರಿಗೆ ಒಂದು ಕಂಬಳಿ ಮನೆಗೆ ಬಂದವು. ಹೆಂಡತಿ ಬೀದಿಯ ಮನೆಗಳಿಗೆಲ್ಲ ಪರದೆ, ದಿಂಬಿನ ಚೀಲ ಹೊಲಿದು ಕೊಡುವವಳು. ಯಂತ್ರ ಅವಳದು, ಕತ್ತರಿ ಅವಳದು, ಸೂಜಿಯೂ ಅವಳದೇ. ಅವಳು ಕಾಗದ ಬಿಡಿಸಿ ನೋಡಿ, ಗಂಡನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು.

"ಇದು ಆಳೆತ್ತರದವರ ಪ್ಯಾಟರ್ನು. ಮೊದಲು ನಿಮ್ಮ ಅಳತೆ ತಗೊಳ್ಳಿ. ನಿಮ್ಮ ಅಳತೆಗೆ ಇಳಿಸ್ಕೊಂಡು ಹೊಲೀರಿ."

"ಮಿಲಿಟರಿ ಪ್ಯಾಟರ್ನು ಕಣೇ ಇದು! ದಿಂಬಿನ ಚೀಲ ಅಂದ್ಕೊಂಡ್ಯಾ? ಅಳತೆಗೆ ನಾವು ಸರಿಹೋಗ್ಬೇಕು, ಅಳತೆ ನಮಗೆ ಸರಿಹೋಗಲ್ಲ."

"ಹೋಗ್ಲಿ, ಯಾವ ಕುರ್ಚಿಗೆ ಇಷ್ಟೆಲ್ಲ? ಇನ್ನೂ ಹೆಸರು ಹೇಳಿಲ್ಲ, ಆಗಲೇ ಕೂಸು ಹುಟ್ಟೋಕ್ಕೆ ಮುಂಚೆ ಕುಲಾವಿ."

ಅವನು ಕೇಳಲಿಲ್ಲ. ಕೇಳದಿದ್ದುದಷ್ಟೇ ಅಲ್ಲ, ಇನ್ನೊಂದು ಘನಕಾರ್ಯವನ್ನೂ ಮಾಡಿದ. ಹೊಲಿಗೆಗೆಂದು ಅಂಚಿನಲ್ಲಿ ಬಿಡುವ ಬಟ್ಟೆಯನ್ನು ಸೈನ್ಯದವರು ಪ್ಯಾಟರ್ನಿನಲ್ಲೇ ಸೇರಿಸಿದ್ದರು. ಇವನಿಗೆ ಅದು ತಿಳಿಯದು. ಅಂಚು ಬಿಡಬೇಕೆಂದು ಹೆಂಡತಿ ಯಾವಾಗಲೋ ಹೇಳಿದ್ದು ನೆನಪಿಟ್ಟುಕೊಂಡು, ಪ್ರತಿ ತುಂಡಿನ ಸುತ್ತಲೂ ಇನ್ನೆರಡು ಬೆರಳು ಬಿಟ್ಟು ಕತ್ತರಿಸಿದ. ಹೀಗಾಗಿ ಹೊಲಿಗೆ ಬಿದ್ದಂತೆಲ್ಲ ಜಾಕೆಟ್ಟು ಬೆಳೆಯಿತು. ತೋಳು ಬೆರಳನ್ನು ನುಂಗಿತು, ಟೋಪಿ ಮೂಗಿನವರೆಗೆ ಇಳಿಯಿತು, ಕಾಲರಿನ ಗುಂಡಿ ಹಾಕಿದರೆ ಬಾಯಿ ಮುಚ್ಚಿಹೋಯಿತು. ಜೇಬುಗಳಂತೂ ಎದೆಯಲ್ಲಿ, ಸೊಂಟದಲ್ಲಿ, ತೋಳಿನಲ್ಲಿ, ಬೆನ್ನಿನಲ್ಲಿ, ಒಳಗೆ, ಹೊರಗೆ. ಒಂದೊಂದರಲ್ಲೂ ಒಂದು ಸೇರು ಹಿಟ್ಟು ಹಿಡಿಸುತ್ತಿತ್ತು. ಹೆಂಡತಿಯ ಸೂಜಿಗಳು ಒಂದೊಂದೇ ಮುರಿದು ಹುತಾತ್ಮವಾದವು.

ಈಗ ಈ ಪಟ್ಟಿ. ಪ್ಯಾಟರ್ನಿನ ಮೂಲೆಯಲ್ಲಿ ಅದರ ಬಗ್ಗೆ ಬರೆದಿದ್ದ ಭಾಗವನ್ನು ಹುಳು ತಿಂದಿತ್ತು. ಕತ್ತಿನ ಹಿಂದೆ, ಟೋಪಿಯ ಬುಡದಲ್ಲಿ ಎರಡು ಗುರುತು ಮಾತ್ರ ಉಳಿದಿದ್ದವು.

"ಗೂಟಕ್ಕೆ ನೇತುಹಾಕೋಕೆ ಇರ್ಬೇಕು" ಎಂದಳು ಹೆಂಡತಿ.

"ಯುದ್ಧದ ಮಧ್ಯೆ ಸೈನಿಕ ಗೂಟ ಹುಡುಕ್ತಾನಾ?"

ಅಷ್ಟರಲ್ಲಿ ಪಕ್ಕದ ಮನೆಯ ಕ್ಯಾಪ್ಟನ್ ಮಾವ ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಒಳಗೆ ಬಂದರು. ಇವರು ಕ್ಯಾಪ್ಟನ್ನೂ ಅಲ್ಲ, ಯಾರಿಗೂ ಮಾವನೂ ಅಲ್ಲ. ಸೈನ್ಯದ ಉಗ್ರಾಣದಲ್ಲಿ ಸಾಬೂನು ಎಣಿಸಿ ನಿವೃತ್ತರಾದವರು. ಆದರೆ ಸೈನ್ಯದ ಸಾಬೂನಾದರೂ ಸೈನ್ಯದ್ದೇ ಅಲ್ಲವೇ? ಬೀದಿಯಲ್ಲಿ ಯುದ್ಧನೀತಿಯಿಂದ ಹಿಡಿದು ಸೊಳ್ಳೆಯವರೆಗೆ ಯಾವ ವಿಷಯ ಬಂದರೂ ಅವರದೇ ಕೊನೆಯ ಮಾತು.

ಪಟ್ಟಿಯನ್ನು ಬೆಳಕಿಗೆ ಹಿಡಿದು, ಎಳೆದು, ಮೂಸಿ ನೋಡಿದರು. ಬಾಯಿ ಮುಕ್ಕಳಿಸಿ ಬಂದರು.

"ಇದು ಪದವಿ ಪಟ್ಟಿ ಕಣಯ್ಯಾ."

"ಅಂದ್ರೆ?"

"ಅಂದ್ರೆ ಆಫೀಸರುಗಳಿಗೆ ಮಾತ್ರ. ಸಾಮಾನ್ಯ ಸಿಪಾಯಿಗೆ ಇದು ಇರೋದೇ ಇಲ್ಲ. ಹಿಂದೆ ಬರೋ ದಂಡಿಗೆ ಮುಂದೆ ಹೋಗ್ತಿರೋನು ನಾಯಕ ಅಂತ ಗೊತ್ತಾಗ್ಬೇಕಲ್ಲ, ಅದಕ್ಕೇ ಕತ್ತಿನ ಹಿಂದೆ."

ಗುಮಾಸ್ತನ ಮುಖ ಅರಳಿತು. ನಾಯಕ! ಸಾಹೇಬರು ಹುಡುಕುತ್ತಿದ್ದ ಪದವೇ ಅದು. ಅವನು ಪಟ್ಟಿಯನ್ನು ಗುರುತಿನ ಮೇಲಿಟ್ಟು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ, ದಾರದ ಉಂಡೆ ಖಾಲಿಯಾಗುವವರೆಗೆ ಹೊಲಿದ. ಪಟ್ಟಿ ಕಿತ್ತು ಬರಬೇಕಾದರೆ ಕತ್ತೂ ಜೊತೆಗೆ ಬರಬೇಕು, ಹಾಗೆ.

ಮೆಟ್ಟಿಲಿಳಿಯುವಾಗ ಕೆಳಮನೆಯ ಅಜ್ಜಿ "ಅಯ್ಯೋ, ಯಾರದೋ ಟೆಂಟು ಹಾರಿಬಂತು!" ಎಂದು ಬಾಗಿಲು ಹಾಕಿಕೊಂಡರು. ಅದನ್ನು ಗುಮಾಸ್ತ ಕಿವಿಗೆ ಹಾಕಿಕೊಳ್ಳಲಿಲ್ಲ. ಟೋಪಿ ದಪ್ಪವಾಗಿದ್ದುದರಿಂದ ಕಿವಿಗೆ ಬೀಳಲೂ ಇಲ್ಲ.

ಬಸ್ಸಿನ ಬಳಿ ಎಲ್ಲರೂ ಸೇರಿದ್ದರು. ನಡುವೆ ಇಸ್ತ್ರಿ ನಿಂತಿದ್ದ. ಇಸ್ತ್ರಿ ಎಂದರೆ ಪತ್ರ ವಿಭಾಗದವನು. ಬಟ್ಟೆಯಲ್ಲಿ ಒಂದು ಗೆರೆ ಮುರಿಯದೆ, ಮಾತಿನಲ್ಲಿ ಒಂದು ಸುಕ್ಕು ಬಾರದೆ, ಯಾರು ಸಾಹೇಬರಾದರೂ ಅವರಿಗೆ ಒಂದೇ ವಾರದಲ್ಲಿ ಬೇಕಾದವನಾಗುವ ಆಸಾಮಿ. ನೋಡಲು ಆಳೆತ್ತರ. ಕಿತ್ತಳೆ ಬಣ್ಣದ, ಮಿರಮಿರ ಮಿಂಚುವ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳನೆಯ ಹೊಸ ಜಾಕೆಟ್ಟು ಹಾಕಿದ್ದ.

"ನೋಡ್ರಪ್ಪಾ, ನಮ್ಮ ಕಡತಕ್ಕೆ ಬೈಂಡಿಂಗ್ ಆಗಿದೆ!" ಎಂದ ಇಸ್ತ್ರಿ.

ಬಸ್ಸಿನ ಚಾಲಕನೂ ನಕ್ಕ. ಲೆಕ್ಕದ ಅಕ್ಕ ಹತ್ತಿರ ಬಂದು ತೋಳನ್ನು ತಿರುವಿ ನೋಡಿದಳು. ಆಫೀಸಿನ ಲೆಕ್ಕ ನೋಡುವವಳಾದರೂ ಊರವರ ಲೆಕ್ಕವೆಲ್ಲ ಅವಳ ಬಳಿಯೇ ಇತ್ತು.

"ಮನೇಲೇ ಹೊಲಿದಿದ್ದಾ? ನಿಮ್ಮ ಮನೆಯವರು ಪರದೆ ಹೊಲೀತಾರಲ್ಲ, ಬಟ್ಟೆ ಮಿಕ್ಕಿತ್ತಾ? ಇದೇನಿದು ಕತ್ತಿನ ಹಿಂದೆ? ನಾಯಿ ಕಟ್ಟೋಕಾ?"

ಮತ್ತೆ ನಗು. ಗುಮಾಸ್ತನ ಕಿವಿ ಕೆಂಪಾಯಿತು. ಹೌದು, ನಾನೇ ಹೊಲಿದೆ, ಒಂದೊಂದು ಗುಂಡಿಯನ್ನೂ ನಾನೇ ಹಾಕಿದೆ ಎನ್ನಬೇಕೆಂದು ಬಾಯಿಯವರೆಗೆ ಬಂತು. ನಾಲಿಗೆ ಮಾತ್ರ ಬೇರೆಯದನ್ನೇ ಆಡಿಬಿಟ್ಟಿತು.

"ಛೆ ಛೆ, ಹೊಲಿದಿದ್ದಲ್ಲ. ಅಸಲಿ ಸೈನ್ಯದ್ದು. ಅಂಗಡೀಲಿ ಸಿಗುತ್ತೆ, ಯಾರು ಬೇಕಾದ್ರೂ ತಗೋಬಹುದು."

ಅಷ್ಟು ದಿನ ಕುಳಿತು ಹಾಕಿದ ಹೊಲಿಗೆಯನ್ನೆಲ್ಲ ಒಂದೇ ಮಾತಿನಲ್ಲಿ ಬಿಚ್ಚಿಹಾಕಿದ್ದ. ಹೆಂಡತಿಯ ಮುರಿದ ಸೂಜಿಗಳು ನೆನಪಾಗಿ ಮನಸ್ಸು ಚುಚ್ಚಿತು. ಆದರೆ ಆಡಿದ ಮಾತು, ಒಡೆದ ಮುತ್ತು, ಬಸ್ಸು ಹೊರಟಿತು.

ಬೆಟ್ಟದ ಬುಡದಲ್ಲಿ ಸಾಹೇಬರು ಒಂದು ಭಾಷಣ ಮಾಡಿದರು. ಸಾಹೇಬರದು ಭಾರಿ ಶರೀರ. ಬೆಟ್ಟದ ಮೇಲೆ ಅವರಿಗಿದ್ದ ಪ್ರೀತಿ ಬೆಟ್ಟಕ್ಕೆ ಅವರ ಮೇಲಿದ್ದಂತೆ ಕಾಣಲಿಲ್ಲ. "ಚಿಕ್ಕ ವಯಸ್ಸಿನವರು ಮುಂದೆ ನಡೀರಿ! ನನ್ನ ಸುತ್ತ ಯಾರೂ ಸುಳೀಬೇಡಿ. ನಾಯಕನಾದವನು ಹಿಂದೆ ನಿಂತು ಎಲ್ಲರನ್ನೂ ನೋಡ್ಬೇಕು" ಎಂದರು. ಮಾತು ಮುಗಿಯುವ ಮೊದಲೇ ಇಸ್ತ್ರಿ ಬಾಣದ ಹಾಗೆ ಹೊರಟ. ಮೊದಲು ತುದಿ ಮುಟ್ಟಿದವನೇ ನಾಯಕ ಎಂಬುದು ಅವನ ಲೆಕ್ಕ. ಕಿತ್ತಳೆ ಬಣ್ಣ ತಿರುವಿನಲ್ಲಿ ಮಾಯವಾಯಿತು.

ಗುಮಾಸ್ತನೂ ಓಡಬೇಕೆಂದಿದ್ದ. ಆದರೆ ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಲೆಕ್ಕದ ಅಕ್ಕ ಕೂಗಿದಳು. "ಅಣ್ಣಾ, ನಿಮಗೆ ಹೇಗೂ ಅಷ್ಟೊಂದು ಜೇಬಿದೆಯಲ್ಲ, ನನ್ನ ಛತ್ರಿ ಒಂಚೂರು ಇಟ್ಕೊಳ್ಳಿ."

ಬೆಳಗ್ಗೆ ನಾಯಿ ಕಟ್ಟುವವನಾಗಿದ್ದವನು ಬೆಟ್ಟದ ಬುಡದಲ್ಲಿ ಅಣ್ಣನಾಗಿದ್ದ. ಛತ್ರಿಯ ಹಿಂದೆಯೇ ನೀರಿನ ಬಾಟಲಿ ಬಂತು. ಒಬ್ಬರ ಫೋನು, ಒಬ್ಬರ ಬೀಗದ ಕೈ ಗೊಂಚಲು, ಬಿಸ್ಕತ್ತಿನ ಪೊಟ್ಟಣಗಳು, ಬೆನ್ನಿನ ಜೇಬಿಗೆ ಯಾರದೋ ಒದ್ದೆ ಟವೆಲ್ಲು. ಇಲ್ಲ ಎನ್ನಲು ಗುಮಾಸ್ತನಿಗೆ ಬರುವುದಿಲ್ಲ. ವರ್ಷಗಟ್ಟಲೆ ಕೇಳಿದ ಕಡತ ತೆಗೆದುಕೊಟ್ಟು ಅಭ್ಯಾಸ. ಕೈ ಬೀಸಿಕೊಂಡು ಎಲ್ಲರೂ ಮೇಲೆ ಹೋದರು. ದಂಡನಾಯಕನಾಗಿ ಹೊರಟವನು ದಂಡಿನ ಹೇಸರಗತ್ತೆಯಾಗಿ ಹಿಂದೆ ಉಳಿದ.

ಮಂಜು ಇಳಿಯಿತು. ತುಂತುರು ಶುರುವಾಯಿತು. ಗುಮಾಸ್ತ ಟೋಪಿ ಎಳೆದುಕೊಂಡು, ಕಾಲರಿನ ಗುಂಡಿ ಹಾಕಿದ. ಆಗ ಹಿಂದಿನಿಂದ ಇಂಜಿನ್ನು ಬಂದ ಹಾಗೆ ಏದುಸಿರು ಕೇಳಿಸಿತು.

"ಯಾ... ಯಾರಪ್ಪಾ ಮುಂದೆ?"

ದೊಡ್ಡ ಸಾಹೇಬರು! ಬೇರೆ ಯಾರೂ ಇಲ್ಲ. ಗುಮಾಸ್ತ ನೆಟ್ಟಗೆ ನಿಂತ.

"ನಾನು ಸಾರ್" ಎಂದ. ಬಟ್ಟೆಯ ಹಿಂದಿನಿಂದ ಅದು 'ಮಾಮು ಮಾ' ಎಂದು ಕೇಳಿಸಿರಬೇಕು.

ಬಂದು ಮೂರು ತಿಂಗಳಾದರೂ ಸಾಹೇಬರಿಗೆ ಯಾರ ಧ್ವನಿಯೂ ತಿಳಿಯದು. ಆದರೆ ತಿಳಿಯದು ಎಂದು ಒಪ್ಪಿಕೊಂಡರೆ ಅವರು ಸಾಹೇಬರಾಗುವುದು ಹೇಗೆ? "ಹಾಂ, ಗೊತ್ತು ಗೊತ್ತು" ಎಂದರು. "ಈ ಕನ್ನಡಕಕ್ಕೆ ಮಂಜು ಕಟ್ಟಿ ದಾರೀನೇ ಕಾಣ್ತಿಲ್ಲ. ಇದನ್ನ ಸ್ವಲ್ಪ ಜೇಬಲ್ಲಿ ಇಟ್ಕೋ. ಜೋಪಾನ."

ಗುಮಾಸ್ತ ಸಾಹೇಬರ ಕನ್ನಡಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಎದೆಯ ಜೇಬಿಗಿಟ್ಟು ಗುಂಡಿ ಹಾಕಿದ. ಕನ್ನಡಕವಿಲ್ಲದ ಸಾಹೇಬರು ಗಾಳಿಯಲ್ಲಿ ಕೈಯಾಡಿಸಿದರು. ಕೈಗೆ ಏನೋ ಸಿಕ್ಕಿತು. ಕತ್ತಿನ ಹಿಂದಿನ ಪಟ್ಟಿ.

"ಆಹಾ! ಹಿಡಿ ಇದೆಯಲ್ಲೋ! ಇದು ಜಾಕೆಟ್ಟು ಅಂದ್ರೆ! ನಡಿ ನಡಿ, ನಾನು ಹಿಡ್ಕೊಂಡಿದೀನಿ."

ಹಿಡಿದುಕೊಂಡರು ಎಂದರೆ ಸುಮ್ಮನೆ ಹಿಡಿದುಕೊಳ್ಳಲಿಲ್ಲ, ಜೋತುಬಿದ್ದರು. ಗುಮಾಸ್ತನ ಕತ್ತು ಹಿಂದಕ್ಕೆ ವಾಲಿತು, ಕಾಲು ಮುಂದಕ್ಕೆ ಜಾರಿತು. ಆದರೂ ನಡೆದ. ಒಂದೊಂದು ಮೆಟ್ಟಿಲಿಗೂ ಸಾಹೇಬರು ಪಟ್ಟಿ ಜಗ್ಗುವರು, ಗುಮಾಸ್ತ ಮುಂದಕ್ಕೆ ಬಾಗುವನು, ಸಾಹೇಬರು ಒಂದು ಮೆಟ್ಟಿಲು ಮೇಲೇರುವರು. ಕಂಬಳಿಯೊಳಗೆ ಅವನು ಬೇಯುತ್ತಿದ್ದ. ಬೆವರು ಬೆನ್ನಿನಿಂದ ಹೊರಟು ಕಾಲುಚೀಲ ಸೇರಿತು. ಆದರೆ ಮನಸ್ಸಿನಲ್ಲಿ ಮರ ಕಾಣುತ್ತಿತ್ತು. ಕಿಟಕಿ, ಅದರಾಚೆ ಮರ, ಮರದ ಮೇಲೆ ಒಂದು ಹಕ್ಕಿ. ಸಾಹೇಬರು ಜಗ್ಗಿದಾಗೆಲ್ಲ ಹಕ್ಕಿ ಒಂದು ಕೊಂಬೆ ಹತ್ತಿರ ಬರುತ್ತಿತ್ತು.

"ಎಲ್ಲರೂ ನನ್ನ ಬಿಟ್ಟು ಓಡಿಹೋದ್ರು ನೋಡು" ಎಂದು ಸಾಹೇಬರು ಉಸಿರು ಸಿಕ್ಕಿದಾಗೆಲ್ಲ ಹೇಳಿದರು. "ಒಬ್ಬ ಕಿತ್ತಳೆ ಬಣ್ಣದೋನು... ನಾನು ಹೋಗಿ ಅಂದಿದ್ದೇ ತಡ... ತಿರುಗಿಯೂ ನೋಡ್ಲಿಲ್ಲ. ಅವನ್ನ ಮರೆಯಲ್ಲ ನಾನು. ನಿನ್ನನ್ನೂ ಮರೆಯಲ್ಲ."

"ಮಾಂಕ್ಸ್ ಮಾ" ಎಂದ ಗುಮಾಸ್ತ. ಅವನ ಕಣ್ಣಲ್ಲಿ ನೀರು ಬಂದಿತ್ತು. ಅರ್ಧ ಸಂತೋಷಕ್ಕೆ, ಅರ್ಧ ಕತ್ತಿನ ನೋವಿಗೆ.

ತುದಿಯಲ್ಲಿ ಪ್ರಯಾಣಿಕರಿಗೆಂದು ಕಟ್ಟಿದ ಕಲ್ಲಿನ ಮಂಟಪವಿತ್ತು. ಸಾಹೇಬರು ಬಂದವರೇ ಒಳಗಿನ ಬೆಂಚಿನ ಮೇಲೆ ಕಣ್ಣು ಮುಚ್ಚಿ ಒರಗಿದರು. "ಐದು ನಿಮಿಷ ಯಾರೂ ಮಾತಾಡಿಸ್ಬೇಡಿ" ಎಂದರು. ಗುಮಾಸ್ತ ಹಿಂಬದಿಯ ಗೋಡೆಯ ಬಳಿ ಹೋಗಿ ಜಾಕೆಟ್ಟು ಬಿಚ್ಚಿದ. ಮೈಯಿಂದ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಹಬೆ ಎದ್ದಿತು.

ಅಲ್ಲೇ ಮೂಲೆಯಲ್ಲಿ ಇಸ್ತ್ರಿ ಕುಕ್ಕರುಗಾಲಲ್ಲಿ ಕೂತಿದ್ದ. ಎಲ್ಲರಿಗಿಂತ ಮೊದಲೇ ಬಂದು, ಎಲ್ಲರಿಗಿಂತ ಹೆಚ್ಚು ಹೊತ್ತು ಗಾಳಿಗೆ ಸಿಕ್ಕಿ, ಗೆರೆ ಗೆರೆಯೂ ಒದ್ದೆಯಾಗಿ ನಡುಗುತ್ತಿದ್ದ. ಮಿಂಚುವ ಜಾಕೆಟ್ಟು ಗಾಳಿಯನ್ನು ಒಂದು ಕಡೆಯಿಂದ ಒಳಗೆ ಬಿಟ್ಟುಕೊಂಡು ಇನ್ನೊಂದು ಕಡೆಯಿಂದ ಹೊರಗೆ ಕಳಿಸುತ್ತಿತ್ತು. ಹಲ್ಲುಗಳು ಟೈಪ್ ಹೊಡೆಯುತ್ತಿದ್ದವು.

"ಕ... ಕಡತಣ್ಣಾ, ಆ ಜಾಕೆಟ್ಟು ಒಂದೇ ಒಂದು ನಿಮಿಷ ಕೊಡ್ತೀಯಾ? ಮೈ ಬಿಸಿಯಾಗೋವರೆಗೆ. ಬೇಕಾದ್ರೆ ಇದನ್ನ ನೀನು ಹಾಕ್ಕೋ, ನಿನಗೆ ಹೇಗೂ ಸೆಖೆ."

ಗುಮಾಸ್ತ ಅನುಮಾನಿಸಿದ. ಇಸ್ತ್ರಿ ಕ್ಯಾನ್ವಾಸಿನ ಮೇಲೆ ಬೆರಳಾಡಿಸಿ, ನಡುಗುವ ದನಿಯಲ್ಲೇ "ಎಂಥಾ ಹೊಲಿಗೆ ಮಾರಾಯಾ! ಅಂಗಡೀಲಿ ಇಂಥದ್ದು ಸಿಗುತ್ತಾ?" ಎಂದ.

ಅಷ್ಟು ಸಾಕಾಯಿತು. ಆ ಜಾಕೆಟ್ಟಿಗೆ ಒಬ್ಬರು ಹೇಳಿದ ಮೊದಲ ಒಳ್ಳೆಯ ಮಾತು ಅದು. ಬೆಣ್ಣೆ ಹಚ್ಚಿದರೆ ಕಲ್ಲೇ ಜಾರುತ್ತದೆ, ಗುಮಾಸ್ತ ಯಾವ ಲೆಕ್ಕ? ಸುತ್ತ ನೋಡಿ ಪಿಸುಗುಟ್ಟಿದ: "ಯಾರಿಗೂ ಹೇಳ್ಬೇಡ. ನಾನೇ ಹೊಲಿದಿದ್ದು."

"ನೀನಾ! ಭಲೇ!" ಎನ್ನುತ್ತ ಇಸ್ತ್ರಿ ಆಗಲೇ ತೋಳು ತೂರಿಸಿಯಾಗಿತ್ತು. ಆಶ್ಚರ್ಯವೆಂದರೆ ಅವನ ಆಳೆತ್ತರಕ್ಕೆ ಅದು ಅಳತೆ ತೆಗೆದು ಹೊಲಿದಂತೆ ಕೂತಿತು. ತೋಳು ಮಣಿಕಟ್ಟಿಗೆ ಸರಿಯಾಗಿ, ಟೋಪಿ ಹಣೆಗೆ ಸರಿಯಾಗಿ. ಗುಮಾಸ್ತ ಕಿತ್ತಳೆ ಬಣ್ಣದ ಜಾಕೆಟ್ಟಿನೊಳಗೆ ಇಳಿದು, ತನ್ನ ಕೈಕೆಲಸವನ್ನು ದೂರದಿಂದ ನೋಡಿ ಹಿಗ್ಗಿದ.

"ಎಲ್ಲರೂ ಬನ್ನಿ!" ಸಾಹೇಬರ ಧ್ವನಿ ಮೊಳಗಿತು. ಎಲ್ಲರೂ ಮಂಟಪದ ಮುಂದೆ ಸೇರಿದರು. ಸಾಹೇಬರು ಕಣ್ಣು ಕಿರಿದು ಮಾಡಿ ನಿಂತಿದ್ದರು. ಅವರಿಗೆ ಬಣ್ಣಗಳು ಮಾತ್ರ ಕಾಣುತ್ತಿದ್ದವು, ಮುಖಗಳು ಕಾಣುತ್ತಿರಲಿಲ್ಲ.

"ನಾಯಕ ಅಂದ್ರೆ ಯಾರು? ಮೊದಲು ಓಡಿಹೋಗೋನಲ್ಲ. ಹಿಂದೆ ಬಿದ್ದವರನ್ನ ಎಳ್ಕೊಂಡು ಬರೋನು! ಇವತ್ತು ಒಬ್ಬ ನನ್ನನ್ನ ಬುಡದಿಂದ ತುದಿವರೆಗೆ ಎಳ್ಕೊಂಡು ಬಂದ. ದಾರಿಯುದ್ದಕ್ಕೂ ತಾನು ಯಾರು ಅಂತ ಒಂದು ಸಲ ಕೂಡ ಜಂಬ ಕೊಚ್ಚಲಿಲ್ಲ. ಅವನ ಬೆನ್ನು ಬಿಟ್ರೆ ನಾನು ಬೇರೇನೂ ನೋಡಿಲ್ಲ. ಆದ್ರೆ ಆ ಬೆನ್ನೇ ಸಾಕು! ಅದೋ, ಆ ಹಸಿರು ಜಾಕೆಟ್ಟು! ಮುಂದೆ ಬಾಪ್ಪಾ, ಮೊದಲು ನನ್ನ ಕನ್ನಡಕ ಕೊಡು."

ಗುಮಾಸ್ತ ಅಭ್ಯಾಸಬಲದಿಂದ ಎದೆ ಮುಟ್ಟಿಕೊಂಡ. ಎದೆಯ ಮೇಲೆ ಕಿತ್ತಳೆ ಬಣ್ಣವಿತ್ತು. ಜೇಬಿರಲಿಲ್ಲ.

ಇಸ್ತ್ರಿ ಅರೆಗಳಿಗೆ ತಬ್ಬಿಬ್ಬಾದ, ಅರೆಗಳಿಗೆ ಮಾತ್ರ. ಗಾಳಿ ಬಂದಾಗ ತೂರಿಕೊಳ್ಳಲು ಬಲ್ಲವನು. ನಾಲ್ಕು ಹೆಜ್ಜೆ ಮುಂದೆ ಹೋಗಿ, ಎದೆಯ ಜೇಬಿನ ಗುಂಡಿ ಬಿಚ್ಚಿ, ಕನ್ನಡಕ ತೆಗೆದು, ತನ್ನ ಕರವಸ್ತ್ರದಲ್ಲಿ ಒರೆಸಿ ಸಾಹೇಬರ ಕೈಗಿಟ್ಟ. ಸಾಹೇಬರು ಹಾಕಿಕೊಂಡು ನೋಡಿದರು.

"ಓಹೋ, ನೀನಾ! ನನಗೆ ಆವಾಗ್ಲೇ ಗೊತ್ತಿತ್ತು."

"ಎಲ್ಲ ತಮ್ಮ ಆಶೀರ್ವಾದ ಸಾರ್" ಎಂದ ಇಸ್ತ್ರಿ. ಸುಳ್ಳನ್ನೇನೂ ಹೇಳಲಿಲ್ಲ ನೋಡಿ.

"ಸಾರ್!" ಗುಮಾಸ್ತ ಮುಂದೆ ನುಗ್ಗಿದ. "ಸಾರ್, ಅದು ನಾನು! ಆ ಜಾಕೆಟ್ಟು ನನ್ನದು!"

ಸಾಹೇಬರು ಅವನ ಕಿತ್ತಳೆ ಬಣ್ಣವನ್ನು ನೋಡಿದರು. ಹುಬ್ಬು ಗಂಟಾಯಿತು. "ನೀನಲ್ವೇನಯ್ಯಾ ನಮ್ಮನ್ನೆಲ್ಲ ಬಿಟ್ಟು ಬಾಲಕ್ಕೆ ಬೆಂಕಿ ಬಿದ್ದ ಹಾಗೆ ಓಡಿದೋನು? ಈಗ ಇವನ ಜಾಕೆಟ್ಟೂ ನಿನ್ನದಾ? ನಿನ್ನ ಮೈಗೆ ಅದು ಹಿಡಿಸುತ್ತಾ? ಅವನಿಗೆ ನೋಡು, ಅಳತೆ ತಗೊಂಡು ಹೊಲಿದ ಹಾಗಿದೆ."

"ನಾನೇ ಹೊಲಿದಿದ್ದು ಸಾರ್! ಬೇಕಾದ್ರೆ ಇವರನ್ನ ಕೇಳಿ!"

ಸಾಹೇಬರು ಲೆಕ್ಕದ ಅಕ್ಕನ ಕಡೆ ತಿರುಗಿದರು. ಅಕ್ಕ ಗುಮಾಸ್ತನನ್ನು ನೋಡಿದಳು, ಇಸ್ತ್ರಿಯನ್ನು ನೋಡಿದಳು. ನಾಳೆಯಿಂದ ರಜೆಯ ಅರ್ಜಿ ಯಾರ ಮೇಜಿಗೆ ಹೋಗಬೇಕೆಂಬ ಲೆಕ್ಕ ಅವಳ ಮುಖದ ಮೇಲೆಯೇ ಕೂಡಿ ಕಳೆದು ಮುಗಿಯಿತು.

"ಬೆಳಗ್ಗೆ ಇವರೇ ಹೇಳಿದ್ರಲ್ಲ ಸಾರ್, ಹೊಲಿದಿದ್ದಲ್ಲ, ಅಂಗಡೀಲಿ ಸಿಗುತ್ತೆ, ಯಾರು ಬೇಕಾದ್ರೂ ತಗೋಬಹುದು ಅಂತ. ಎಲ್ಲರೂ ಕೇಳಿಸ್ಕೊಂಡ್ವಿ. ಇನ್ನು ದಾರೀಲಿ... ಮಂಜಲ್ಲಿ ನನಗೇನೂ ಕಾಣ್ಲಿಲ್ಲ."

ಮಂಜಿನಲ್ಲಿ ಬೇರೆ ಯಾರಿಗೂ ಏನೂ ಕಂಡಿರಲಿಲ್ಲ. ಅಷ್ಟು ದಟ್ಟವಾದ ಮಂಜು ಆ ಬೆಟ್ಟದ ಮೇಲೆ ಹಿಂದೆಂದೂ ಬಿದ್ದಿರಲಾರದು.

ಅಷ್ಟರಲ್ಲಿ ಇಸ್ತ್ರಿ ಒಂದೊಂದೇ ಜೇಬಿಗೆ ಕೈಹಾಕಿ ಸಾಮಾನು ಹಂಚತೊಡಗಿದ್ದ. ಛತ್ರಿ ಅಕ್ಕನಿಗೆ, ಬೀಗದ ಕೈ ಬೀಗದವರಿಗೆ, ಫೋನು ಫೋನಿನವರಿಗೆ. ಬಿಸ್ಕತ್ತಿನ ಪೊಟ್ಟಣವನ್ನು ತಾನೇ ಬಿಚ್ಚಿ ಎಲ್ಲರಿಗೂ ನೀಡಿದ. ಇಸಿದುಕೊಂಡವರೆಲ್ಲ "ಥ್ಯಾಂಕ್ಸ್ ಸಾರ್" ಎಂದರು. ನಿನ್ನೆಯವರೆಗೆ ಅವನನ್ನು ಹೋಗೋ ಬಾರೋ ಎನ್ನುತ್ತಿದ್ದವರು.

"ನೋಡ್ರಿ, ನೋಡ್ರಿ!" ಸಾಹೇಬರು ಇಸ್ತ್ರಿಯ ಬೆನ್ನು ತಟ್ಟಿದರು. "ನನ್ನೊಬ್ಬನನ್ನೇ ಅಲ್ಲ, ನಿಮ್ಮೆಲ್ಲರ ಭಾರಾನೂ ಹೊತ್ಕೊಂಡು ಬಂದಿದಾನೆ! ಇವನೇ ನಿಮ್ಮ ಹೊಸ ಮೇಲ್ವಿಚಾರಕ!"

ಚಪ್ಪಾಳೆ ಬಿತ್ತು. ಗುಮಾಸ್ತನ ಕೈಗಳೂ ತಟ್ಟಿದವು. ಎಲ್ಲರೂ ತಟ್ಟುವಾಗ ಸುಮ್ಮನಿರಲು ಆ ಕೈಗಳಿಗೆ ಬರುತ್ತಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರ​ಲಿಲ್ಲ ಎನ್ನುತ್ತಾರೆ. ಇವನ ತುತ್ತು ಬೇರೆಯವರ ಬಾಯಿಗೆ ಬಿದ್ದು, ಅವರು ತೇಗುವುದನ್ನೂ ಇವನೇ ಕೇಳಬೇಕಾಯಿತು. ತುಂತುರು ಜೋರಾಯಿತು. ಕಿತ್ತಳೆ ಬಣ್ಣದ ಜಾಕೆಟ್ಟು ನೀರನ್ನೆಲ್ಲ ಒಳಗೆ ಬರಮಾಡಿಕೊಂಡಿತು.

ಬಸ್ಸಿನಲ್ಲಿ ಹೊಸ ಮೇಲ್ವಿಚಾರಕ ತಾನಾಗಿಯೇ ಬಂದು ಅವನ ಪಕ್ಕ ಕೂತ. ಹಸಿರು ಜಾಕೆಟ್ಟು ಇನ್ನೂ ಅವನ ಮೈಮೇಲಿತ್ತು.

"ಬೇಜಾರ್ ಮಾಡ್ಕೋಬೇಡಪ್ಪಾ. ನಾನು ಹೇಳ್ಬೇಕು ಅಂತಾನೇ ಇದ್ದೆ. ಆದ್ರೆ ಸಾಹೇಬರು ಮಾತಾಡ್ತಿರೋವಾಗ ಮಧ್ಯೆ ಬಾಯಿ ಹಾಕೋದು ಶಿಸ್ತಲ್ಲ."

ಗುಮಾಸ್ತ ಒದ್ದೆ ತೋಳು ಹಿಂಡಿದ.

"ಸಾಹೇಬರು ಏನಂದ್ರು ಗೊತ್ತಾ? ಮುಂದಿನ ಸಲ ಇದಕ್ಕಿಂತ ದೊಡ್ಡ ಬೆಟ್ಟ. ಎಲ್ಲರಿಗೂ ಇಂಥದ್ದೇ ಜಾಕೆಟ್ಟಿರಬೇಕಂತೆ, ಹಿಂದೆ ಪಟ್ಟಿ ಸಮೇತ. ವ್ಯವಸ್ಥೆ ಮಾಡು ಅಂತ ನನಗೆ ಒಪ್ಪಿಸಿದಾರೆ." ಇಸ್ತ್ರಿ ದನಿ ತಗ್ಗಿಸಿದ. "ಹೊಲೀಲಿಕ್ಕೆ ಬರೋದು ನಿನಗೊಬ್ಬನಿಗೇ. ಅದು ನನಗೊಬ್ಬನಿಗೇ ಗೊತ್ತು. ಮೆಷಿನ್ನು ತಂದು ನಿನ್ನ ಕೋಣೇಲೇ ಇಟ್ಕೋ. ಕಿಟಕಿ ಇಲ್ದೇ ಇರೋದೂ ಒಳ್ಳೇದಕ್ಕೇ, ಗಮನ ಆ ಕಡೆ ಈ ಕಡೆ ಹೋಗಲ್ಲ."

ಗುಮಾಸ್ತ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿದ. ಹೊರಗೆ ಮರಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಇರುವಷ್ಟು ಹೊತ್ತು ನೋಡಿಕೊಂಡ.

ಬೀದಿಯ ತಿರುವಿನಲ್ಲೇ ಕ್ಯಾಪ್ಟನ್ ಮಾವ ಕಾದು ನಿಂತಿದ್ದರು. "ನೆನಪಾಯ್ತು ಕಣಯ್ಯಾ! ಬೆಳಗ್ಗೆ ಹೇಳಿದ್ದು ಸ್ವಲ್ಪ ಹೆಚ್ಚುಕಡಿಮೆ ಆಯ್ತು. ಆ ಪಟ್ಟಿ ಪದವೀದಲ್ಲ. ಯುದ್ಧದಲ್ಲಿ ಗುಂಡು ತಗಲಿ ಬಿದ್ದೋನ್ನ ಹಿಂದಿನಿಂದ ಹಿಡ್ಕೊಂಡು ದರದರ ಎಳ್ಕೊಂಡು ಬರೋಕೆ."

"ಸರಿಯಾಗೇ ಇದೆ ಮಾವ" ಎಂದ ಗುಮಾಸ್ತ, ನಿಲ್ಲದೆ ನಡೆದ.

ಮನೆಯಲ್ಲಿ ಹೆಂಡತಿ ಮುರಿದ ಸೂಜಿಗಳ ಬದಲು ಹೊಸ ಸೂಜಿ ತಂದು ಯಂತ್ರಕ್ಕೆ ಹಾಕುತ್ತಿದ್ದಳು. ಒದ್ದೆ ಮುದ್ದೆಯಾಗಿ, ಕಿತ್ತಳೆ ಬಣ್ಣದಲ್ಲಿ ಬಂದು ನಿಂತ ಗಂಡನನ್ನು ನೋಡಿ ಕೈ ತಡೆದಳು.

"ಇದ್ಯಾರ ಬಟ್ಟೆ? ಬಡ್ತಿ ಏನಾಯ್ತು, ಸಿಕ್ತಾ?"

"ಸಿಕ್ತು."

"ಸಿಕ್ತಾ! ಮತ್ತೆ ಮುಖ ಯಾಕೆ ಹೀಗೆ ಮಾಡ್ಕೊಂಡಿದೀರಿ?"

"ನನಗಲ್ಲ. ಜಾಕೆಟ್ಟಿಗೆ."

ನಡೆದದ್ದನ್ನೆಲ್ಲ ಹೇಳಿದ. ಅವಳು ಸೂಜಿ ಕೆಳಗಿಟ್ಟಳು. ಟವೆಲ್ಲು ತಂದು ಅವನ ತಲೆಯ ಮೇಲೆ ಹಾಕಿ, ಮಗುವಿಗೆ ಒರೆಸುವಂತೆ ಒರೆಸಿದಳು. ಆಮೇಲೆ ನಿಟ್ಟುಸಿರು ಬಿಟ್ಟು ಹೇಳಿದಳು:

"ಅದಕ್ಕೇ ಅವತ್ತು ಬಡ್ಕೊಂಡೆ, ನಿಮ್ಮ ಅಳತೆಗೆ ಹೊಲ್ಕೊಳ್ಳಿ ಅಂತ."